ಕರಕರ ತಟ್ಟೆಯ ಹಾಡು ಹಿತವೇಕೆ?

ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಅಷ್ಟೊಂದು ಕರಕರ ಸದ್ದಿದ್ದರೂ ಹಾಡು ಮನಸ್ಸಿಗೆ ಹಿಡಿಸುವುದು ಹೇಗೆ?

1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಇಂಥ ತಟ್ಟೆಗಾಗಿ ಹಾಡಿದಾಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದ ತಟ್ಟೆಯಲ್ಲಿ ಗೀರು ಕೊರೆಯುತ್ತಿತ್ತು. ತೀರಾ ತಗ್ಗಿನ, ತೀರಾ ಮೇಲಿನ ಕಂಪನಗಳು ಅದರಲ್ಲಿ ಮೂಡುತ್ತಲೇ ಇರಲಿಲ್ಲ.

ಆದರೆ ಹಾಡುವ ಪ್ರತಿ ಸ್ವರದಲ್ಲೂ ಮೂಲ ಕಂಪನದ ಜತೆಗೆ ಅದರ ಎರಡರಷ್ಟು, ಮೂರರಷ್ಟು ವೇಗದ ಉಪಸ್ವರಗಳಿರುತ್ತವೆ. ಮೂಲವೇ ಕಾಣೆಯಾದರೂ ಉಪಸ್ವರಗಳ ನಡುವಣ ಅಂತರದಿಂದ ಮಿದುಳು ಸ್ವರವನ್ನು ಗುರುತಿಸುತ್ತದೆ, ಅಕ್ಷರ ಮಾಸಿದ ಬಸ್ಸಿನ ಬೋರ್ಡನ್ನು ನಾವು ಓದಿಬಿಡುವಂತೆ. ತಾನ್, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ಲಯ ಎಲ್ಲವೂ ಉಳಿದಷ್ಟರಲ್ಲೇ ಇವೆ.

ಒಳ್ಳೆಯ ಸ್ಪೀಕರಿನಲ್ಲಿ ತಂಬೂರಿಯ ಝೇಂಕಾರ, ಡಗ್ಗಾದ ಗುಂಯ್‌ಗುಡುವಿಕೆ ತುಂಬಿ ಬರುತ್ತವೆ, ನಿಜ. ಆದರೂ ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲು ಒಳ್ಳೆಯ ಗಾಯನವನ್ನೇ ಹುಡುಕಿ ಕೇಳಿ.