ಹಿಮದ ಹಾದಿಯಲ್ಲಿ ನಾಯಿಗಾಡಿ

ಎತ್ತಿನ ಗಾಡಿಯನ್ನು ನೀವು ನೋಡಿರುವಿರಿ. ಎತ್ತಿಗೆ ಮೂಗುದಾರವಿದೆ, ಕುದುರೆಗೆ ಲಗಾಮು ಇದೆ. ಆದರೆ ಯಾವ ಹಗ್ಗವನ್ನೂ ಜಗ್ಗದೆ, ಬರಿಯ ಮಾತಿನಿಂದಲೇ ತಿರುಗಿಸುವ ಗಾಡಿಯೊಂದಿದೆ. ಅದೇ ನಾಯಿಗಾಡಿ.

ಅಲಾಸ್ಕ, ಗ್ರೀನ್‌ಲ್ಯಾಂಡ್ ಮೊದಲಾದವು ಭೂಮಿಯ ಉತ್ತರ ಭಾಗದ ಶೀತ ಪ್ರದೇಶಗಳು. ಚಳಿಗಾಲದಲ್ಲಿ ಅಲ್ಲಿ ನೆಲವೆಲ್ಲ ಹಿಮದಿಂದ ಮುಚ್ಚಿರುತ್ತದೆ. ಹಿಮದಲ್ಲಿ ಚಕ್ರಗಳು ಹೂತುಹೋಗುತ್ತವೆ. ಆದುದರಿಂದ ಅಲ್ಲಿಯ ಜನರು ಚಕ್ರಗಳಿಲ್ಲದ ಗಾಡಿಯನ್ನು ಮಾಡಿಕೊಂಡರು. ಇದಕ್ಕೆ ಸ್ಲೆಡ್ಜ್ ಎನ್ನುತ್ತಾರೆ. ಇದರ ಅಡಿಯಲ್ಲಿ ಉದ್ದವಾದ ಎರಡು ನುಣುಪಾದ ಪಟ್ಟಿಗಳಿರುತ್ತವೆ. ಅವು ಹಿಮದ ಮೇಲೆ ಸರಾಗವಾಗಿ ಜಾರುತ್ತವೆ. ಗಾಡಿಯನ್ನು ಎಳೆಯುವ ನಾಯಿಗಳ ಮೈತುಂಬ ದಟ್ಟವಾದ ಕೂದಲು. ಕೊರೆಯುವ ಚಳಿಯನ್ನೂ ಅವು ತಡೆದುಕೊಳ್ಳುತ್ತವೆ.

ಅಲಾಸ್ಕದಲ್ಲಿ ನಾಯಿಗಳನ್ನು ಜೋಡಿ ಜೋಡಿಯಾಗಿ ಕಟ್ಟುವರು. ಎಲ್ಲಕ್ಕಿಂತ ಮುಂದೆ ಮುಂದಾಳು ನಾಯಿ ಇರುತ್ತದೆ. ಗಾಡಿ ನಡೆಸುವವನು ಹಿಂದೆ ನಿಂತು 'ಜೀ' ಎಂದರೆ ಅದು ಬಲಕ್ಕೆ ತಿರುಗುತ್ತದೆ. 'ಹಾ' ಎಂದರೆ ಎಡಕ್ಕೆ ತಿರುಗುತ್ತದೆ. ಉಳಿದ ನಾಯಿಗಳು ಅದನ್ನು ಹಿಂಬಾಲಿಸುತ್ತವೆ.

ಈ ನಾಯಿಗಳು ಒಮ್ಮೆ ಒಂದು ಊರಿನ ಮಕ್ಕಳ ಪ್ರಾಣ ಉಳಿಸಲು ಓಡಿದವು. 1925ರ ಜನವರಿಯಲ್ಲಿ ಅಲಾಸ್ಕದ ನೋಮ್ ಎಂಬ ಊರಿನಲ್ಲಿ ಗಂಟಲಮಾರಿ ರೋಗ ಹರಡಿತು. ಇದನ್ನು ಡಿಫ್ತೀರಿಯಾ ಎಂದೂ ಕರೆಯುವರು. ಕೆಲವು ಮಕ್ಕಳು ತೀರಿಕೊಂಡರು. ವೈದ್ಯರಾದ ಕರ್ಟಿಸ್ ವೆಲ್ಚ್ ಅವರ ಬಳಿ ಬೇಕಾದ ಔಷಧಿ ಇರಲಿಲ್ಲ. ಸಮುದ್ರ ಹೆಪ್ಪುಗಟ್ಟಿ ಹಡಗುಗಳು ನಿಂತಿದ್ದವು. ಆ ಚಳಿಯಲ್ಲಿ ವಿಮಾನ ಹಾರಿಸುವುದು ಅಪಾಯವಾಗಿತ್ತು. ರೈಲು ನೆನಾನ ಎಂಬ ಊರಿನವರೆಗೆ ಮಾತ್ರ ಔಷಧಿಯನ್ನು ತಂದಿತು. ಅಲ್ಲಿಂದ ನೋಮ್‌ಗೆ ಸುಮಾರು 1,085 ಕಿಲೋಮೀಟರ್ ದೂರ!

ಜನವರಿ 27ರ ರಾತ್ರಿ ಮೊದಲ ನಾಯಿಗಾಡಿ ಹೊರಟಿತು. 20 ಮಂದಿ ಗಾಡಿಯವರು ಔಷಧಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಸಾಗಿದರು. ಅವರಲ್ಲಿ ಅನೇಕರು ಅಲಾಸ್ಕದ ಮೂಲನಿವಾಸಿಗಳು. ಸುಮಾರು 150 ನಾಯಿಗಳು ಓಡಿದವು. ಎಲ್ಲರಿಗಿಂತ ಹೆಚ್ಚು ದೂರ ಔಷಧಿಯನ್ನು ಒಯ್ದವರು ಲಿಯೊನಾರ್ಡ್ ಸೆಪ್ಪಾಲ. ಟೋಗೊ ಅವರ ಮುಂದಾಳು ನಾಯಿ. ಅದಕ್ಕೆ ಆಗಲೇ 12 ವರ್ಷ. ಹೆಪ್ಪುಗಟ್ಟಿದ ಸಮುದ್ರದ ಮೇಲೆ, ಬಿರುಗಾಳಿಯಲ್ಲಿ ಅದು ದಾರಿ ತಪ್ಪದೆ ನಡೆಸಿತು. ಕೊನೆಯ ಗಾಡಿ ಗುನ್ನಾರ್ ಕಾಸೆನ್ ಅವರದು. ಸುರಿಯುವ ಹಿಮದಲ್ಲಿ ಅವರಿಗೆ ಎದುರಿನ ನಾಯಿಗಳೇ ಕಾಣುತ್ತಿರಲಿಲ್ಲ. ಆಗ ಅವರು ಬಾಲ್ಟೊ ಎಂಬ ಮುಂದಾಳು ನಾಯಿಯನ್ನೇ ನಂಬಿದರು.

ಫೆಬ್ರುವರಿ 2ರ ಬೆಳಗಿನ ಜಾವ ಔಷಧಿ ನೋಮ್ ಸೇರಿತು. ಅದು ಹೆಪ್ಪುಗಟ್ಟಿದ್ದರೂ ಕೆಟ್ಟಿರಲಿಲ್ಲ. ರೋಗ ಹತೋಟಿಗೆ ಬಂದಿತು. ಆದರೆ ಕೆಲವು ನಾಯಿಗಳು ಈ ಓಟದಲ್ಲಿ ಪ್ರಾಣ ತೆತ್ತವು.

ಈಗ ಹಿಮದ ಮೇಲೆ ಓಡುವ ಯಂತ್ರಗಳು ಬಂದಿವೆ. ಆದರೂ ಗ್ರೀನ್‌ಲ್ಯಾಂಡಿನ ಬೇಟೆಗಾರರು ನಾಯಿಗಾಡಿಯನ್ನು ಬಿಟ್ಟಿಲ್ಲ. ಅಲಾಸ್ಕದಲ್ಲಿ 1973ರಿಂದ ನಾಯಿಗಾಡಿಗಳ ಒಂದು ದೊಡ್ಡ ಪಂದ್ಯ ನಡೆಯುತ್ತಿದೆ. ಅದು ಮುಗಿಯುವುದು ನೋಮ್‌ನಲ್ಲಿಯೇ.