ಒಂದೇ ಹೆಸರಿನ ಇಬ್ಬರು

ಹಾರೂಗೇರಿಯಲ್ಲಿ ನಮ್ಮ ಅಪ್ಪನ ಹೆಸರಿನವರು ಇನ್ನೊಬ್ಬರಿದ್ದಾರೆ. ಅಡ್ಡಹೆಸರೂ ಒಂದೇ, ತಂದೆಯ ಹೆಸರೂ ಒಂದೇ. ಹಿಂದೊಮ್ಮೆ ಮಳೆಗೆ ಬೆಳೆ ಹಾಳಾದಾಗ ಅಪ್ಪನಿಗೆ ಬರಬೇಕಿದ್ದ ಪರಿಹಾರದ ಹಣ ಅವರ ಖಾತೆಗೆ ಹೋಯಿತು. ಪಟ್ಟಿ ಮಾಡಿದವರು ಹೆಸರಷ್ಟೇ ನೋಡಿದ್ದರು. ಆ ಹಿರಿಯರು ತಾವಾಗಿಯೇ ಮನೆಗೆ ಬಂದು, "ತಮ್ಮಾ, ಇದು ನಂದಲ್ಲ, ನಿಂದು" ಎಂದು ಹಣ ಕೊಟ್ಟು ಹೋದರು. ಅಂಥವರು ಎಲ್ಲರಿಗೂ ಸಿಗುತ್ತಾರೆಯೇ?

ಮೊನ್ನೆ ಮಗಳು ಕಂಪ್ಯೂಟರ್ ಪುಸ್ತಕ ಹಿಡಿದು ಬಂದಳು. "ಅಪ್ಪಾ, ಡೇಟಾಬೇಸಿನ್ಯಾಗ ಇಷ್ಟು ನಮೂನಿ ಕೀ ಯಾಕ?" ನಾನು ಟ್ರಂಕಿನಿಂದ ಪಹಣಿ ತೆಗೆದೆ.

ಮಾಹಿತಿಯನ್ನು ಸಾಲು, ಕಾಲಂಗಳಿರುವ ಕೋಷ್ಟಕಗಳಲ್ಲಿ ಇಡುವ ಈ ಮಾದರಿಯನ್ನು 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಮುಂದಿಟ್ಟರು. ಸಾವಿರಾರು ಸಾಲುಗಳಲ್ಲಿ ಬೇಕಾದ ಒಂದನ್ನೇ ತಪ್ಪದೆ ಗುರುತಿಸುವ ಕಾಲಂ ಅಥವಾ ಕಾಲಂಗಳ ಜೋಡಣೆಯೇ ಕೀ.

"ಹೆಸರನ್ನ ಕೀ ಮಾಡಿದರ?"

"ನಿಮ್ಮ ಅಜ್ಜನ ರೊಕ್ಕ ಮತ್ತ ಬ್ಯಾರೆಯವರಿಗೆ ಹೋಗತೈತಿ!"

"ಫೋನ್ ನಂಬರ್?"

ಮನೆಮಂದಿಗೆಲ್ಲ ಒಂದೇ ಫೋನ್ ಇರುವ ಮನೆಗಳಿವೆ. ಅದೂ ಆಗದು.

ನೋಟುಬುಕ್ಕಿನಲ್ಲಿ ರೈತರ ಕೋಷ್ಟಕ ಬರೆದೆವು. ಕರ್ನಾಟಕದಲ್ಲಿ ರೈತರಿಗೆ ಕೊಡುವ ಎಫ್‌ಐಡಿ ಸಂಖ್ಯೆ ಒಬ್ಬರದು ಇನ್ನೊಬ್ಬರಿಗಿರದು. ಹನ್ನೆರಡು ಅಂಕಿಯ ಆಧಾರ್ ಕೂಡ ಹಾಗೆಯೇ. ಎರಡೂ ಆ ಕೆಲಸಕ್ಕೆ ಯೋಗ್ಯ. ಆದ್ದರಿಂದ ಇವು ಕ್ಯಾಂಡಿಡೇಟ್ ಕೀಗಳು. ನಾವು ಎಫ್‌ಐಡಿಯನ್ನು ಆರಿಸಿದೆವು. ಅದು ಪ್ರೈಮರಿ ಕೀ. ಅದು ಖಾಲಿ ಇರುವಂತಿಲ್ಲ, ಎರಡು ಸಾಲಿನಲ್ಲಿ ಬರುವಂತಿಲ್ಲ. ಉಳಿದ ಆಧಾರ್ ಆಲ್ಟರ್ನೇಟ್ ಕೀ. ಎಫ್‌ಐಡಿಯ ಜೊತೆ ಹೆಸರನ್ನೂ ಸೇರಿಸಿದರೆ ಸೂಪರ್ ಕೀ. ತಪ್ಪೇನಿಲ್ಲ, ಆದರೆ ಹೆಸರು ಅಲ್ಲಿ ಹೆಚ್ಚಿನ ಹೊರೆ.

ಈಗ ಹೊಲದ ಸರದಿ. ಸರ್ವೆ ನಂಬರ್ 45 ಎಂದರೆ ಸಾಕೇ? ಆ ನಂಬರ್ ಊರೂರಲ್ಲೂ ಇರಬಹುದು. ಅಣ್ಣತಮ್ಮಂದಿರು ಪಾಲಾದರೆ ಹಿಸ್ಸಾಗಳೂ ಹುಟ್ಟುತ್ತವೆ. ಬೆಳಗಾವಿ ಜಿಲ್ಲೆ, ರಾಯಬಾಗ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲ ಕೂಡಿದರೇ ಹೊಲ ಸಿಗುವುದು. ಹೀಗೆ ಹಲವು ಕಾಲಂ ಕೂಡಿ ಆಗುವುದು ಕಾಂಪೋಸಿಟ್ ಕೀ.

ಕೊನೆಗೆ ಪರಿಹಾರದ ಕೋಷ್ಟಕ. ಅಲ್ಲಿ ಅಜ್ಜನ ಹೆಸರು, ವಿಳಾಸ ಮತ್ತೆ ಬರೆಯಬೇಕಿಲ್ಲ. ಎಫ್‌ಐಡಿ ಬರೆದರೆ ಸಾಕು, ಅದು ರೈತರ ಕೋಷ್ಟಕದ ಸಾಲನ್ನು ತೋರಿಸುತ್ತದೆ. ಇನ್ನೊಂದು ಕೋಷ್ಟಕದಿಂದ ಬಂದ ಈ ನೆಂಟನೇ ಫಾರಿನ್ ಕೀ. ರೈತರ ಕೋಷ್ಟಕದಲ್ಲಿ ಇಲ್ಲದ ಸಂಖ್ಯೆಯನ್ನು ಇಲ್ಲಿ ಬರೆಯಲು ಹೋದರೆ ಡೇಟಾಬೇಸ್ ಒಪ್ಪುವುದೇ ಇಲ್ಲ.

"ಹಂಗಾರ ಇನ್ನ ತಪ್ಪೇ ಆಗೂದಿಲ್ಲ?" ಎಂದಳು ಮಗಳು.

ಆಗಬಹುದು. ಅಪ್ಪನ ಸಂಖ್ಯೆಯ ಬದಲು ಆ ಹಿರಿಯರ ಸಂಖ್ಯೆ ಬರೆದರೆ ಅದೂ ಪಟ್ಟಿಯಲ್ಲಿರುವ ಸಂಖ್ಯೆಯೇ. ಕಂಪ್ಯೂಟರ್ ಸುಮ್ಮನೆ ಒಪ್ಪುತ್ತದೆ. ಬರೆಯುವವರು ಕಣ್ಣಿಟ್ಟು ನೋಡಲೇಬೇಕು.

ಬಾಗಿಲಲ್ಲಿ ಕೂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡು ಮೊಮ್ಮಗಳನ್ನು ಕರೆದರು. "ನನ್ನ ನಂಬರ ಒಂದ ಚೀಟ್ಯಾಗ ದೊಡ್ಡದಾಗಿ ಬರದ ಕೊಡವ್ವಾ. ಅವನದೂ ಬರಿ. ಅವಂಗೂ ಕೊಟ್ಟ ಬರತೇನಿ."