ರೌಟರೂ ಮಾರುವೇಷದ ಫೋನೂ

ಮನೆಯೊಳಗೆ ತಂತಿಯಿಲ್ಲದೆ ಅಂತರಜಾಲವನ್ನು ಹಂಚುವ ರೌಟರು ನೋಡಲು ಚಿಕ್ಕದು. ಆದರೆ ಅದೂ ಒಂದು ಗಣಕಯಂತ್ರವೇ. ತನ್ನ ಬಳಿಗೆ ಬರುವ ಫೋನುಗಳನ್ನು ಅದು ಮ್ಯಾಕ್ ವಿಳಾಸದಿಂದ ಗುರುತಿಸುತ್ತದೆ. ಇದು ತಯಾರಕರು ಕಾರ್ಖಾನೆಯಲ್ಲಿಯೇ ಉಪಕರಣಕ್ಕೆ ಕೊಟ್ಟ 48 ಬಿಟ್‌ಗಳ ಸಂಖ್ಯೆ. ಅಂಕಿಗಳನ್ನೂ ‘ಎ’ಯಿಂದ ‘ಎಫ್’ವರೆಗಿನ ಇಂಗ್ಲಿಷ್ ಅಕ್ಷರಗಳನ್ನೂ ಬಳಸಿ ಇದನ್ನು 12 ಸ್ಥಾನಗಳಲ್ಲಿ ಬರೆಯುವುದು ರೂಢಿ. ಕೆಲವು ಮನೆಗಳಲ್ಲಿ ಹಿರಿಯರು ಪರಿಚಿತ ವಿಳಾಸಗಳ ಪಟ್ಟಿಯನ್ನು ರೌಟರಿಗೆ ಒಪ್ಪಿಸಿ, ಉಳಿದವಕ್ಕೆ ಪ್ರವೇಶವನ್ನು ನಿಷೇಧಿಸಿರುತ್ತಾರೆ. ಮಕ್ಕಳ ಫೋನಿಗೆ ರಾತ್ರಿ ಇಷ್ಟು ಹೊತ್ತಿನ ಮೇಲೆ ಸಂಪರ್ಕ ಬೇಡವೆಂದು ಕಟ್ಟಳೆ ಮಾಡುವುದೂ ಉಂಟು.

2020ರ ಸೆಪ್ಟೆಂಬರಿನಲ್ಲಿ ಐಫೋನುಗಳಿಗೆ ಐಓಎಸ್ 14 ಎಂಬ ಹೊಸ ಕಾರ್ಯವ್ಯವಸ್ಥೆ ಬಂದಾಗ ಇಂತಹ ಏರ್ಪಾಡುಗಳು ಅಸ್ತವ್ಯಸ್ತವಾದವು. ಗುಪ್ತಪದ ಸರಿಯಾಗಿತ್ತು, ರೌಟರು ಕೆಟ್ಟಿರಲಿಲ್ಲ; ಆದರೂ ನಿನ್ನೆಯವರೆಗೆ ಒಳಗಿದ್ದ ಫೋನು ಇಂದು ಹೊರಗೆ ನಿಂತಿತು! ಹೊಸ ವ್ಯವಸ್ಥೆಯು ಕಾರ್ಖಾನೆಯ ವಿಳಾಸವನ್ನು ಮರೆಮಾಡಿ, ಒಂದೊಂದು ಜಾಲಕ್ಕೆ ಒಂದೊಂದು ಕಲ್ಪಿತ ವಿಳಾಸವನ್ನು ಹೇಳತೊಡಗಿದ್ದೇ ಇದಕ್ಕೆ ಕಾರಣ. 2019ರ ಆಂಡ್ರಾಯ್ಡ್ 10 ಕೂಡ ಇದೇ ದಾರಿ ಹಿಡಿದಿತ್ತು. ಅಪರಿಚಿತರನ್ನೂ ಬಿಟ್ಟುಕೊಳ್ಳುವ ರೌಟರಿನಲ್ಲಾದರೆ ಫಲ ತಲೆಕೆಳಗು: ಕಟ್ಟಳೆಗೊಳಗಾದ ಫೋನು ಹೊಸ ಅತಿಥಿಯಂತೆ ಬಂದು ತಪ್ಪಿಸಿಕೊಳ್ಳುತ್ತದೆ. (ಇದನ್ನು ವಿದ್ಯಾರ್ಥಿಗಳಿಗೆ ತಿಳಿಸಿದ್ದು ಎಲ್ಲ ತಂದೆತಾಯಿಗಳಿಗೂ ಹಿಡಿಸಲಾರದು.)

ಈ ಮಾರುವೇಷ ಏತಕ್ಕೆ? ಬದಲಾಗದ ವಿಳಾಸವೊಂದು ಗಾಳಿಯಲ್ಲಿ ಬಹಿರಂಗವಾಗಿ ಸಂಚರಿಸುತ್ತಿದ್ದರೆ, ಅದೇ ಫೋನು ಎಲ್ಲಿಗೆ, ಎಷ್ಟು ಬಾರಿ ಬಂದಿತೆಂಬುದನ್ನು ಅಂಗಡಿಯವರೂ ಲೆಕ್ಕವಿಡಬಹುದು. ಒಡೆಯನ ಹೆಸರು ತಿಳಿಯದಿದ್ದರೂ ಅವನ ಹೆಜ್ಜೆ ತಿಳಿಯುತ್ತದೆ. ಬಹಿರಂಗವಾದ ವಿಳಾಸವನ್ನು ಬಲ್ಲವರು ನಕಲು ಮಾಡುವುದೂ ಸುಲಭ. ಆದ್ದರಿಂದ ವಿಳಾಸಗಳ ಪಟ್ಟಿ ಮನೆಗೆ ನಿಜವಾದ ಬೀಗವಲ್ಲ. ಆ ಕೆಲಸ ಗುಪ್ತಪದದ್ದು.

ಹೀಗಿದ್ದರೂ ಪಟ್ಟಿ ಬೇಕೆನ್ನುವವರು ಫೋನಿನ ವೈ-ಫೈ ವಿವರದಲ್ಲಿ ವಿಳಾಸವನ್ನು ಪರೀಕ್ಷಿಸಬೇಕು. ಎರಡನೆಯ ಸ್ಥಾನದಲ್ಲಿ 2, 6, ‘ಎ’, ‘ಇ’ ಇವುಗಳಲ್ಲಿ ಒಂದಿದ್ದರೆ ಅದು ಕಲ್ಪಿತ ವಿಳಾಸವೆಂದು ತಿಳಿಯಬಹುದು. ರೌಟರಿನ ಅಡಿಯ ಚೀಟಿಯಲ್ಲಿ ಸಾಮಾನ್ಯವಾಗಿ 192.168.1.1 ಎಂಬಂತಹ ಸಂಖ್ಯೆಯಿರುತ್ತದೆ. ಬ್ರೌಸರಿನಲ್ಲಿ ಅದನ್ನು ಬರೆದರೆ ರೌಟರಿನ ಪುಟ ತೆರೆಯುತ್ತದೆ. ಅಲ್ಲಿ ಹಳೆಯ ವಿಳಾಸವನ್ನು ಅಳಿಸಿ ಹೊಸದನ್ನು ಸೇರಿಸಬಹುದು. ಆದರೆ ಕಲ್ಪಿತ ವಿಳಾಸ ಮುಂದೆ ಬದಲಾದರೆ ಮತ್ತೆ ಅದೇ ಕೆಲಸ! ಅದಕ್ಕಿಂತ, ಮನೆಯ ಜಾಲವೊಂದಕ್ಕೆ ಮಾತ್ರ ಫೋನಿನ ಖಾಸಗಿ ವಿಳಾಸವನ್ನು ನಿಲ್ಲಿಸುವುದು ಲೇಸು. ಬಸ್ ನಿಲ್ದಾಣ, ಹೋಟೆಲುಗಳ ಜಾಲಗಳಲ್ಲಿ ಅದು ಇದ್ದಂತೆಯೇ ಇರಲಿ.